ಟಾರ್ಪಾಲಿನ ಹಿಂದಿನ ಟರ್ನರ್

ಮೊನ್ನೆ ತೋಟದ ಪಂಪಿನ ಶಾಫ್ಟ್ ಸವೆದುಹೋಗಿ, ಅದನ್ನು ಚೀಲಕ್ಕೆ ತುರುಕಿಕೊಂಡು ಅರಸೀಕೆರೆ ಪೇಟೆಯ ವರ್ಕ್‌ಶಾಪೊಂದರ ಬಾಗಿಲಲ್ಲಿ ನಿಂತಿದ್ದೆ. ಕಾದ ಕಬ್ಬಿಣಕ್ಕೆ ಎಣ್ಣೆ ಬಿದ್ದಾಗ ಏಳುವ ಕಮಟು ಹೊಗೆ ಮೂಗಿಗೆ ಬಡಿಯಿತು. ನನಗೆ ಅದು ಮಲ್ಲಿಗೆಯ ಹಾಗೆ ಎಂದರೆ ನೀವು ನಗಬಹುದು, ನಗಿ. ಆದರೆ ಆ ವಾಸನೆಯ ಬೆನ್ನಿಗೇ ಸಿಟ್ಟೂ ಬಂತು. ಹಳೆಯ ಸಿಟ್ಟು.

ತೊಂಬತ್ತರ ದಶಕದ ಕೊನೆಯ ಮಾತು. ಹಗರೆಯ ಹುಡುಗಿ ನಾನು. ಐಟಿಐಯಲ್ಲಿ, ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವುದನ್ನು ಕಲಿಸುವ ಟರ್ನರ್ ವಿಭಾಗಕ್ಕೆ ಸೇರಿದಾಗ, ಅದು ಹೊಲಿಗೆಯಲ್ಲೇ ಒಂದು ಬಗೆ ಇರಬೇಕೆಂದು ಊರಿನವರು ಅಂದುಕೊಂಡಿದ್ದರು. ಅಪ್ಪನ ಹಳೇ ಅಂಗಿ, ಟೋಪಿಯೊಳಗೆ ಸುತ್ತಿ ತುರುಕಿದ ಜಡೆ. ಲೇತಿನ ಮುಂದೆ ನಿಂತರೆ ಹೊಲದ ಬೆರ್ಚಪ್ಪನೇ. ಆದರೆ ತಿರುಗುವ ಕಬ್ಬಿಣಕ್ಕೆ ಉಳಿ ತಾಗಿದೊಡನೆ ಹೊಳೆಯುವ ಸುರುಳಿ ಎದ್ದು ಬರುತ್ತದಲ್ಲ, ಅದನ್ನು ನೋಡುತ್ತ ಊಟ ಮರೆಯುತ್ತಿದ್ದೆ.

ಪಾಸಾದ ಮೇಲೆ ಒಂದು ಕಾರ್ಖಾನೆಯ ಸಂದರ್ಶನಕ್ಕೆ ಅವ್ವನ ಜೊತೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಸರ್ಟಿಫಿಕೇಟು ಬಿಡಿಸಿಯೂ ನೋಡಲಿಲ್ಲ.

“ನೋಡಮ್ಮ, ಹೆಂಗಸರಿಗೆ ಇಲ್ಲಿ ಶೌಚಾಲಯ ಇಲ್ಲ. ಮಷಿನ್ ಕೆಲಸಕ್ಕೆ ತಗೊಳ್ಳೋಕಾಗಲ್ಲ. ಪ್ಯಾಕಿಂಗಿಗೆ ಬೇಕಾದ್ರೆ ನಾಳೆಯಿಂದ ಬಾ.”

“ಪ್ಯಾಕಿಂಗ್ ಮಾಡೋ ಹೆಂಗಸರು ಎಲ್ಲಿಗೆ ಹೋಗ್ತಾರೆ ಸಾರ್?”

ಆತ ಅವ್ವನ ಕಡೆ ತಿರುಗಿ, “ನಿಮ್ಮ ಮಗಳಿಗೆ ಬಾಯಿ ಜಾಸ್ತಿ ಕಣಮ್ಮ,” ಎಂದ.

ಅವ್ವ ಎದ್ದು ನಿಂತಳು. “ಬಾಯಿ ಜಾಸ್ತಿ ಅಲ್ಲ ಸ್ವಾಮಿ, ನಿಮ್ಮತ್ರ ಜವಾಬಿಲ್ಲ,” ಎಂದವಳೇ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ಊರು ಬರುವವರೆಗೂ ಬಸ್ಸಿನ ಕಿಟಕಿಗೆ ಬೈಯುತ್ತಿದ್ದಳು.

ಕೊನೆಗೆ ಬೇಲೂರಿನಲ್ಲಿ ರಾಜಣ್ಣ ಎಂಬವರ ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಅವರ ಟರ್ನರ್ ಬಿಟ್ಟುಹೋಗಿ ಕೆಲಸ ರಾಶಿ ಬಿದ್ದಿತ್ತು. ಕುಣಿದುಕೊಂಡು ಹೋದರೆ, ಲೇತಿನ ಸುತ್ತ ನೀಲಿ ಟಾರ್ಪಾಲು ಕಟ್ಟಿದ್ದರು.

“ಹೆಣ್ಣುಮಗಳು ಮಾಡಿದ್ದು ಅಂದ್ರೆ ಗಿರಾಕಿ ನಂಬಲ್ಲ ಕಣವ್ವ. ನೀನು ಒಳಗಿದ್ದು ಮಾಡು, ಹೊರಗಿನ ಮಾತು ನಾನು ನೋಡ್ಕೋತೀನಿ.”

ಒಪ್ಪಿಕೊಂಡೆ. ನನಗೆ ಲೇತ್ ಬೇಕಿತ್ತು. ಬೇಸಿಗೆಯೆಲ್ಲ ಆ ಟಾರ್ಪಾಲಿನೊಳಗೆ ಬೆಂದೆ. ಕೆಮ್ಮು ಬಂದರೆ ಅಂಗಿಯ ತೋಳು ಕಚ್ಚಿಕೊಳ್ಳುತ್ತಿದ್ದೆ. ಹೊರಗೆ ರಾಜಣ್ಣ, “ನಮ್ಮ ಹುಡುಗನ ಕೈ ಅಂದ್ರೆ ಕೈ!” ಎನ್ನುತ್ತಿದ್ದರು. ಆ ಇಲ್ಲದ ಹುಡುಗನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚೆಂದರೆ, ಸಿಕ್ಕಿದ್ದರೆ ಎರಡು ಬಿಗಿಯುತ್ತಿದ್ದೆ.

ಒಂದು ದಿನ ಮಾದಿಹಳ್ಳಿಯ ಅಕ್ಕಿ ಗಿರಣಿಯ ಗಂಗಣ್ಣ ಬಂದರು. ವಯಸ್ಸಾದವರು. ಹಿಂದಿನ ವಾರ ನಾನು ಕಡೆದುಕೊಟ್ಟ ಗಿರಣಿಯ ಶಾಫ್ಟ್ ಅವರಿಗೆ ತುಂಬ ಹಿಡಿಸಿತ್ತು.

“ಏನ್ಲಾ ರಾಜ, ಆ ಹುಡುಗನ್ನ ಕರಿಯೋ, ಒಂದು ಕಾಫಿ ಕುಡಿಸ್ತೀನಿ.”

“ಅವನು ನಾಚ್ಕೋತಾನೆ, ಬಿಡಿ.”

ನಾಚಿಕೆಯಂತೆ! ಲೇತ್ ನಿಲ್ಲಿಸಿದೆ. ಟಾರ್ಪಾಲನ್ನು ಹಗ್ಗದ ಸಮೇತ ಕಿತ್ತೆಳೆದು ಹೊರಗೆ ಬಂದೆ. “ನಾನೇ ಮಾಡಿದ್ದು,” ಎಂದೆ.

ಗಂಗಣ್ಣ ನನ್ನ ಎಣ್ಣೆ ಮೆತ್ತಿದ ಕೈ ನೋಡಿದರು. “ಹೌದಾ? ಹಂಗಾದ್ರೆ ನಾಳೆ ಇನ್ನೊಂದು ಐತೆ, ಮಾಡ್ಕೊಡವ್ವ. ಕಾಫಿ ಕುಡೀತೀಯಾ?”

ಅಷ್ಟೇ. ಅಷ್ಟೇ ಆದದ್ದು! ಹಾಗಾದರೆ ಆ ಟಾರ್ಪಾಲು ಯಾರಿಗಾಗಿ ಇತ್ತು, ನೀವೇ ಹೇಳಿ. ಯಾವ ಗಿರಾಕಿಯ ಕಣ್ಣಿಗೆ ಹೆದರಿ ನಾನು ಕೆಮ್ಮು ನುಂಗಿದೆ?

ಗಂಗಣ್ಣ ಅತ್ತ ಹೋಗುತ್ತಲೇ ರಾಜಣ್ಣ, “ನನ್ನ ಮರ್ಯಾದೆ ಕಳೆದುಬಿಟ್ಟೆ. ನಾಳೆಯಿಂದ ಬರಬೇಡ,” ಎಂದರು. ಸುಳ್ಳು ಹೇಳುವಾಗ ಹೋಗದ ಮರ್ಯಾದೆ ಅದು ಬಯಲಾದಾಗ ಹೋಗಿತ್ತು.

ಆಮೇಲೆ ಯಾರೂ ಲೇತ್ ಕೊಡಲಿಲ್ಲ. ಮದುವೆಯಾಗಿ ಅರಸೀಕೆರೆಗೆ ಬಂದವಳು ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಟರ್ನಿಂಗ್ ಕಲಿಸಿದೆ. ಕಲಿಸುವವಳಿಗೆ ಮಷಿನ್ ಮುಟ್ಟಲು ಸಿಗುವುದು ಕಲಿಯುವವರು ತಪ್ಪು ಮಾಡಿದಾಗ ಮಾತ್ರ. ಅವರಲ್ಲಿ ಕೆಲವರು ನನ್ನನ್ನು ಬೇಡವೆಂದ ಕಾರ್ಖಾನೆಗೇ ಸೇರಿದರು. “ಟೀಚರ್ ಆದೆಯಲ್ಲ, ಇನ್ನೇನು ಬೇಕು?” ಎನ್ನುತ್ತಾರೆ ನೆಂಟರು. ಏನು ಬೇಕಿತ್ತೆಂದು ಹೇಳಿ ಹೇಳಿ ಬಾಯಿ ನೋವು ಬಂದು ಸುಮ್ಮನಾದೆ. ವಯಸ್ಸಿನ ಜೊತೆ ಸಿಟ್ಟೂ ಆರಿತೆಂದುಕೊಂಡಿದ್ದೆ.

ಮೊನ್ನೆ ಆ ವರ್ಕ್‌ಶಾಪಿನವನು ಶಾಫ್ಟನ್ನು ಅತ್ತಿತ್ತ ತಿರುಗಿಸಿ ನೋಡಿ, “ಯಜಮಾನರನ್ನ ಕಳಿಸಿ ಅಕ್ಕ, ಏನ್ ಮಾಡಬೇಕು ಅಂತ ಅವರಿಗೆ ಹೇಳ್ತೀನಿ,” ಎಂದ.

“ಅವರು ಕನ್ನಡ ಮೇಷ್ಟ್ರು ಕಣಪ್ಪ, ಕಬ್ಬಿಣ ಗೊತ್ತಿಲ್ಲ,” ಎಂದೆ, ಬೀದಿಗೆಲ್ಲ ಕೇಳುವಂತೆ. “ಟರ್ನರ್ ನಾನು. ನನಗೇ ಹೇಳು.”

ಸ್ಟೂಲು ಎಳೆದುಕೊಂಡು ಲೇತಿನ ಪಕ್ಕದಲ್ಲೇ ಕೂತೆ.