ಹಾರುವ ಕಾರು ಮತ್ತು ನಮ್ಮತ್ತೆ

ಗೆಳತಿಯರೇ, ಇವತ್ತು ನಮ್ಮತ್ತೆಯ ಧೈರ್ಯಕ್ಕೆ ನಾನು ಮನಸಾರೆ ಸೋತೆ. ಸ್ಕೂಟರ್ ಕಲಿಯುತ್ತೇನೆ ಎಂದು ಅವರು ಹಟ ಹಿಡಿದು ಬಹಳ ದಿನವಾಯಿತು. ನನ್ನ ಗಂಡ ಮಾತ್ರ ಕೀಲಿ ಕೊಡುತ್ತಿರಲಿಲ್ಲ.

ನಾದಿನಿಯ ಫಲಿತಾಂಶ ನೋಡಲು ಬೆಳಿಗ್ಗೆ ಅತ್ತೆ, ಇವರು, ನಾನು ಮೂವರೂ ಸಿಂದಗಿಯ ನೆಟ್ ಸೆಂಟರಿಗೆ ಹೋಗಿದ್ದೆವು. ಅವಳು ಪಾಸಾಗಿದ್ದಳು. ಆ ಖುಷಿಯಲ್ಲಿ ಇವರು ಹಾರುವ ಕಾರಿನ ಆಟ ತೆರೆದು ಕೂತರು. ದಿಬ್ಬದಿಂದ ಜಿಗಿದ ಕಾರು ಪ್ರತಿ ಸಲವೂ ಕಂದಕಕ್ಕೆ ಬೀಳುತ್ತಿತ್ತು.

"ಸರಿ ಆ ಕಡೆ, ನಾ ನೋಡ್ತೇನಿ," ಎಂದು ಅತ್ತೆ ಕುರ್ಚಿ ಹಿಡಿದರು. ಮೊದಲು ಅವರ ಕಾರೂ ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಶುರು ಮಾಡಿದರು. ಈ ಸಲ ಕಾರು ರೆಕ್ಕೆ ಬಿಚ್ಚಿ, ಗಾಳಿಯಲ್ಲೇ ಪಲ್ಟಿ ಹೊಡೆದು, ಆಚೆಯ ಮಾಳಿಗೆಯ ಮೇಲೆ ಮೆತ್ತಗೆ ಇಳಿಯಿತು. ಅಕ್ಕಪಕ್ಕದವರು ಚಪ್ಪಾಳೆ ಹೊಡೆದರು.

"ಯವ್ವಾ, ಇದು ಬರೇ ಆಟ. ರಸ್ತಾ ಬ್ಯಾರೆ ಐತಿ," ಎಂದರು ಇವರು.

"ಹೌದಪಾ, ರಸ್ತಾದಾಗ ಹಾರೂದು ಇರಂಗಿಲ್ಲ. ಇನ್ನೂ ಸಸಾರ. ಕೀಲಿ ತಾ ಇಲ್ಲಿ."

ಸಂಜೆ ಶಾಲೆಯ ಮೈದಾನದಲ್ಲಿ ಅತ್ತೆ ಸ್ಕೂಟರ್ ಬೀಳಿಸದೆ ಪೂರ್ತಿ ಒಂದು ಸುತ್ತು ಹಾಕಿದರು. ಮೊಣಕಾಲು ತರಚಿಕೊಂಡವರು, ಹಿಂದೆ ಹಿಡಿದು ಓಡುತ್ತಿದ್ದ ನನ್ನ ಗಂಡ.