ಸೋದರಮಾವನ ಜಾಗದಲ್ಲಿ

ಮಗಳ ಮದುವೆಯ ದಿನ ನಾನು ಅಣ್ಣನ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಕಳೆದ ವಾರ ದಾದರ್‌ನ ಹೂವಿನ ಮಾರ್ಕೆಟ್ಟಿನಲ್ಲಿ ಯಾರೋ ಅಡಿಕೆಯ ಹಿಂಗಾರ ಬಿಡಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತುಬಿಟ್ಟಿತು. ಅವತ್ತು ಮದುವೆ ಮಂಟಪದ ಸುತ್ತಲೂ ಅದೇ ವಾಸನೆಯಿತ್ತು...

ಅಣ್ಣ ಸಾಂತಾಕ್ರೂಜ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಬೆಳಿಗ್ಗೆ ಧಣಿ ಗಲ್ಲಾಕ್ಕೆ ಊದುಬತ್ತಿ ಬೆಳಗಿ ಮುಗಿಸುವವರೆಗೆ ಫುಟ್‌ಪಾತಿನಲ್ಲಿ ನಿಂತಿರುತ್ತಿದ್ದ. "ದೇವರ ಡ್ಯೂಟಿ ಮುಗೀತಾ ಧಣಿ? ಇನ್ನು ನಂದು ಶುರು" ಎನ್ನುತ್ತಾ ಒಳಗೆ ಬರುತ್ತಿದ್ದ. ಧಣಿ ನಗುತ್ತಿದ್ದರು. ಗೋರೆಗಾಂವ್‌ನ ನಮ್ಮ ಚಾಳಿನಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಗಣಪತಿಗೆ ಆರತಿಯಾಗುವಾಗ ಅವನು ಹೊರಗೆ ಎಲ್ಲರ ಚಪ್ಪಲಿ ಕಾಯುತ್ತಾ ಕೂರುತ್ತಿದ್ದ. ಆಮೇಲೆ ಯಾರಿಗೆ ಜ್ವರ ಬಂದರೂ, ದೇವರನ್ನು ನಂಬದವನ ದೋಷ ಎಂದು ಕಣ್ಣುಗಳು ಅವನತ್ತ ತಿರುಗುತ್ತಿದ್ದವು. ನನ್ನ ಗಂಡ ತೀರಿಕೊಂಡಾಗಲೂ ಅವನ ಹೆಸರೇ ಬಂತು. ಆ ನಂತರ ನನ್ನ ಮಗಳ ಕೈಹಿಡಿದು ಶಾಲೆಗೆ ಬಿಟ್ಟದ್ದು, ಕನ್ನಡ ಓದಲು ಕಲಿಸಿದ್ದು ಅವನೇ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವ. ಅಣ್ಣ ಅದಕ್ಕೆಂದೇ ಹೊಸ ಪಂಚೆ ಉಟ್ಟು ಬಂದಿದ್ದ. ಹುಡುಗಿಯನ್ನು ಕರೆತನ್ನಿ ಎಂದು ಭಟ್ಟರು ಕೂಗಿದರು. ಅವನು ಅವಳ ಕೈಹಿಡಿದು ಹೊರಟಾಗ ಅಳಿಯನ ದೊಡ್ಡಪ್ಪ ಅಡ್ಡ ನಿಂತರು.

"ನೀವು ದೇವರನ್ನು ನಂಬುದಿಲ್ವಂತೆ?"

"ಇಲ್ಲ," ಅಂದ ಅಣ್ಣ.

"ಹೋಗ್ಲಿ, ನಂಬ್ತೇನೆ ಅಂತ ಈಗ ಒಂದು ಮಾತು ಹೇಳಿ. ನಾವೂ ಸುಮ್ಮನಿರ್ತೇವೆ."

"ಸುಳ್ಳು ಹೇಳಿ ಹುಡುಗಿಯನ್ನು ಒಪ್ಪಿಸಿದ ಹಾಗಾಗ್ತದಲ್ಲ?" ಅಣ್ಣ ನಕ್ಕ.

"ತಮಾಷೆ ಅಲ್ಲ ಮಾರಾಯ್ರೇ. ನಾಳೆ ಇವರ ಸಂಸಾರಕ್ಕೆ ಏನಾದ್ರೂ ಆದ್ರೆ?"

ಮುಹೂರ್ತ ಮೀರುತ್ತಿತ್ತು. ಅಣ್ಣ ನನ್ನ ಕಡೆ ನೋಡಿದ. ಮಗಳೂ ನೋಡಿದಳು. ಇವನೇ ಕರೆತರುವುದು ಎಂದಿದ್ದರೆ ಸಾಕಿತ್ತು. ದಿಬ್ಬಣ ತಿರುಗಿ ಹೋದರೆ... ಎಂಬ ಹೆದರಿಕೆ. ನಿಜ ಹೇಳಬೇಕೆಂದರೆ ಹೆದರಿಕೆಯೊಂದೇ ಅಲ್ಲ. ಚಾಳಿನವರು ಆಡುತ್ತಿದ್ದ ಮಾತು ನನ್ನೊಳಗೂ ಎಲ್ಲೋ ಕೂತಿತ್ತು. ಮಗಳ ಸೆರಗು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

"ಆಯ್ತು ಮಾರಾಯ್ತಿ, ನೀನು ಹೆದರಬೇಡ" ಎಂದು ನನಗೆ ಹೇಳಿ ಅಣ್ಣ ಮಗಳ ಕೈ ಬಿಟ್ಟ.

ದೂರದ ಸಂಬಂಧದಲ್ಲಿ ನನಗೆ ತಮ್ಮನಾಗಬೇಕಾದ ಒಬ್ಬ ಅವಳನ್ನು ಕರೆತಂದ. ಅಣ್ಣ ಊಟದ ಪಂಕ್ತಿಯ ಕಡೆ ಹೋಗಿ ಎಲೆ ಹಾಕಿಸಿದ. ಅದೇ ದೊಡ್ಡಪ್ಪನಿಗೆ ಒತ್ತಾಯ ಮಾಡಿ ಪಾಯಸ ಬಡಿಸಿದ. ಮುಂದೆಯೂ ಭಾನುವಾರ ನಮ್ಮ ಮನೆಗೆ ಬರುತ್ತಿದ್ದ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ...

ಈಗ ಅಣ್ಣನಿಲ್ಲ, ತೀರಿಕೊಂಡು ತಿಂಗಳಾಯಿತು. ಭಾನುವಾರ ಬಾಗಿಲ ಸದ್ದಾದರೆ ಈಗಲೂ ಏಳುತ್ತೇನೆ. ನಿನ್ನೆ ಮಗಳ ಜೊತೆ ಆ ದೊಡ್ಡಪ್ಪನೂ ಮಾತಾಡಿಸಲು ಬಂದಿದ್ದರು. ಚಾ ಕುಡಿಯುತ್ತಾ, "ದೇವರನ್ನು ನಂಬದಿದ್ರೂ ಒಳ್ಳೆ ಜನ" ಎಂದರು.

"ಒಳ್ಳೆಯವ ಅಂತ ಗೊತ್ತಿದ್ರೆ ಅವತ್ತು ಅಡ್ಡ ನಿಂತದ್ದು ಯಾಕೆ?" ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. ಮಗಳು ಅವತ್ತಿನ ಹಾಗೆಯೇ ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿದೆ.

"ಸತ್ತವರಿಗೆ ಏನೂ ಕೇಳುದಿಲ್ಲ ಅಂತಿದ್ದ ನಿನ್ನ ಮಾವ. ಅದಕ್ಕೆ ನಿನ್ನ ಹತ್ರ ಹೇಳ್ತೇನೆ. ನಿನ್ನನ್ನು ಕರ್ಕೊಂಡು ಬರಬೇಕಿದ್ದದ್ದು ಅವನೇ. ನಾನು ಬಾಯಿ ಬಿಡಲಿಲ್ಲ. ತಪ್ಪಾಯ್ತು ಮಗಾ."