ಕಟುಮಕ್ಕನ ಬಟ್ಟಲಿಗೆ ಗಾರೆಯವನ ಕೈ

ಮಟ್ಟಸವಲ್ಲದ್ದನ್ನು ಕಂಡರೆ ಆ ಗಾರೆಯವನಿಗೆ ಮೈ ಉರಿದುಹೋಗುತ್ತಿತ್ತು. ಗೋಡೆಯ ಮಾತು ಬಿಡಿ, ಅದು ಅವನ ಕಸುಬು. ಬ್ರೆಡ್ಡಿನ ಮೇಲೆ ಬೆಣ್ಣೆ ಹಚ್ಚಿದರೂ ಈ ಅಂಚಿನಿಂದ ಆ ಅಂಚಿಗೆ ಒಂದೇ ದಪ್ಪ ಇರಬೇಕು. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕು ಕಂಡರೆ ಅಂಗೈಯಿಂದ ಒತ್ತಿ ಒತ್ತಿ ಸವರಿಯೇ ಮಲಗಬೇಕು. ಕೋಪವಂತೂ ಸದಾ ಮೂಗಿನ ತುದಿಯಲ್ಲಿ. ಆದರೆ ಗಾರೆ ಬಳಿಯುವ ಕರಣೆ ಕೈಗೆ ಬಂತೋ, ಮನುಷ್ಯ ತಣ್ಣಗಾಗಿಬಿಡುತ್ತಿದ್ದ. "ಅಪ್ಪನಿಗೆ ಕೋಪ ಬಂದ್ರೆ ಏನೂ ಮಾತಾಡ್ಬೇಡಿ, ಒಂದು ಗೋಡೆ ತೋರಿಸಿ ಸಾಕು" ಎಂದು ಮಗಳು ನಗುತ್ತಿದ್ದಳು.

ಅಂಥವನಿಗೆ ಎದುರು ಮಾತಾಡುವ ಎದೆಗಾರಿಕೆ ಆ ಮನೆಯಲ್ಲಿ ಇದ್ದದ್ದು ಒಬ್ಬಳಿಗೇ, ಅವನ ಅಕ್ಕನಿಗೆ.

ಬೀದಿಯವರೆಲ್ಲ ಅವಳನ್ನು ಕಟುಮಕ್ಕ ಅನ್ನುತ್ತಿದ್ದರು. ಊರ ಅಂಚಿನಲ್ಲಿ ಒಂದು ದೊಡ್ಡ ಶೆಡ್ಡು. ಬಾದಾಮಿ, ಅಕ್ರೋಟು, ಕಡಲೆಕಾಯಿ ಎಲ್ಲ ಅಲ್ಲಿ ಚಿಪ್ಪು ಕಳಚಿಕೊಂಡು, ಆಯಿಸಿಕೊಂಡು ಮೂಟೆಯಾಗುತ್ತಿದ್ದವು. ಹತ್ತಾರು ಹೆಂಗಸರ ನಡುವೆ ಅಕ್ಕನ ಕೆಲಸವೇ ಬೇರೆ. ಮೂಟೆ ಬಂದರೆ ಕೈ ಹಾಕಿ ಒಂದು ಬೀಜ ತೆಗೆಯುವಳು, ದವಡೆಗಿಟ್ಟು ಕಟುಂ ಅನ್ನಿಸುವಳು. ಸದ್ದು ಕೇಳಿದವಳೇ "ಇದು ಇನ್ನೂ ಬಿಸಿಲು ಕಾಣ್ಬೇಕು" ಅಂತಲೋ "ಇದು ಒಳಗೆ ಬರಲಿ" ಅಂತಲೋ ಹೇಳಿ ಮುಂದಿನ ಮೂಟೆಗೆ ಹೋಗುವಳು. ಅವಳ ದವಡೆ ಒಪ್ಪದ ಮೂಟೆಯನ್ನು ಯಜಮಾನ ಮುಟ್ಟುತ್ತಿರಲಿಲ್ಲ. ಕಟುಮಕ್ಕನ ಹಲ್ಲು ಅಂದರೆ ತಕ್ಕಡಿ ಇದ್ದಹಾಗೆ.

ಆ ಹಲ್ಲಿನಲ್ಲೇ ತಮ್ಮ ಬೆಳೆದದ್ದು ಅಂದರೂ ತಪ್ಪಿಲ್ಲ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು ಉದುರುವ ವಯಸ್ಸು. ಶೆಡ್ಡಿನಲ್ಲಿ ಒಡೆದ ಚೂರುಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಅಕ್ಕ ಅವನ್ನು ಜೇಬಿನಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೂ ಮುಂದಿನ ಹಲ್ಲಿನಲ್ಲಿ ಕಡಿದು, ಸಣ್ಣಗೆ ಮಾಡಿ, ಅಂಗೈಯಲ್ಲಿಟ್ಟು "ತಗೋ, ಬೊಚ್ಚು ರಾಜ" ಎನ್ನುತ್ತಿದ್ದಳು. ಅವಳು ಮದುವೆಯ ಗೋಜಿಗೇ ಹೋಗಲಿಲ್ಲ. ತಮ್ಮನಿಗೆ ಮದುವೆ ಮಾಡಿದಳು, ಅವನ ಮನೆಯಲ್ಲೇ ಉಳಿದಳು.

ಅಂಥ ಹಲ್ಲುಗಳಿಗೆ ಒಸಡು ಕೈಕೊಟ್ಟಿತು. ಒಂದು ಅಲ್ಲಾಡಿತು, ಪಕ್ಕದ್ದು ಅಲ್ಲಾಡಿತು, ಕೊನೆಗೆ ಹಲ್ಲಿನ ಡಾಕ್ಟರಮ್ಮ ಎಲ್ಲವನ್ನೂ ತೆಗೆದುಹಾಕಿದಳು. ಒಸಡು ಮಾಗಿ ಗಟ್ಟಿಯಾದ ಮೇಲೆ ಹಲ್ಲಿನ ಸೆಟ್ಟು. ಅಲ್ಲಿಯವರೆಗೆ ಮೆತ್ತಗಿನದ್ದನ್ನೇ ತಿನ್ನಬೇಕು.

ಮೊದಲ ದಿನ ಸಂಜೆ ಅಕ್ಕ ಎಲ್ಲರ ಜೊತೆ ಮೇಜಿಗೆ ಕೂತಳು. ಸೂಪಿನಲ್ಲಿ ನೆನೆಸಿದ ಬ್ರೆಡ್ಡು ಬಾಯಿಗೆ ಹೋಗುವಾಗ ಸೊರ್ ಅಂದಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತೋ ಏನೋ. ಎಲ್ಲರೂ ಕೇಳಿಸಲೇ ಇಲ್ಲ ಎಂಬಂತೆ ತಟ್ಟೆ ನೋಡಿದರು, ಅದು ಅವಳಿಗೆ ಚುಚ್ಚಿತು. ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದವಳು ಸಿಂಕಿನ ಪಕ್ಕ ಸ್ಟೂಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಅಂದಿನಿಂದ ಅದೇ ಅವಳ ಜಾಗ. ಮಾತಾಡಿದರೆ ಬಾಯಿಗೆ ಕೈ ಅಡ್ಡ. ಶೆಡ್ಡಿನ ಕಡೆ ತಲೆ ಹಾಕಲಿಲ್ಲ. "ಹಲ್ಲಿಲ್ಲದವಳಿಗೆ ಅಲ್ಲೇನು ಕೆಲಸ? ಮೂಟೆ ಹೊರೋಕೆ ಆಗುತ್ತಾ ನಂಗೆ?" ಬರುಬರುತ್ತಾ ಅರ್ಧ ಬಟ್ಟಲು, ಆಮೇಲೆ ಎರಡು ಚಮಚ, ಆಮೇಲೆ "ಹಸಿವಿಲ್ಲ". ಕುಪ್ಪಸದ ತೋಳು ಜೋತು ಬಿದ್ದವು.

ಒಸಡು ತೋರಿಸಲು ಹೋದಾಗ ಡಾಕ್ಟರಮ್ಮ ತಮ್ಮನನ್ನು ಹೊರಗೆ ಕರೆದು ಹೇಳಿದಳು. "ಗಾಯ ಚೆನ್ನಾಗಿ ಮಾಗಿದೆ. ಆದ್ರೆ ಇವ್ರು ಹೀಗೇ ಇಳಿದ್ರೆ ಒಸಡಿಗೂ ಬಲ ಇರಲ್ಲ, ನಾಳೆ ಸೆಟ್ಟು ಕೂರೋದೂ ಕಷ್ಟ. ತರಕಾರಿ, ಬೀಜ, ಇಂಥದ್ದು ಹೊಟ್ಟೆಗೆ ಹೋಗ್ಬೇಕು. ಬಿ.ಪಿ. ಇದೆ, ಉಪ್ಪು ಕಮ್ಮಿ."

"ತಿನ್ನಲ್ಲ ಅಂತಾಳಲ್ಲ ಮೇಡಂ! ಬಾಯಿ ತೆಗೆದು ತುರುಕ್ಲಾ?"

"ತುರುಕ್ಬೇಡಿ. ತಿನ್ನೋ ಹಾಗೆ ಮಾಡಿ."

ಗಾರೆಯವನು ದಾರಿಯುದ್ದಕ್ಕೂ ಗೊಣಗಿದ. ತಿನ್ನೋ ಹಾಗೆ ಮಾಡಿ ಅಂತೆ! ಹೇಳುವವರಿಗೇನು, ನಾಲಿಗೆಗೆ ಮೂಳೆ ಇಲ್ಲ. ಹೆಂಡತಿ ಮಾಡದ ಸೂಪಿಲ್ಲ, ಗಂಜಿಯಿಲ್ಲ. ಎಲ್ಲವೂ ಸಿಂಕಿಗೇ ಹೋಗಿದ್ದವು. ಮನೆಗೆ ಬಂದಾಗ ಮಗಳು ಉಪಾಯ ಹೇಳಿದಳು. "ಅಪ್ಪ, ಡಿಪ್ ಮಾಡೋಣ. ತರಕಾರಿ, ಬೀಜ ಎರಡನ್ನೂ ಒಟ್ಟಿಗೆ ರುಬ್ಬೋದು. ಬ್ರೆಡ್ಡು ಅದ್ದಿಕೊಂಡು ತಿನ್ನೋದು. ಅತ್ತೆಗೆ ಅಗಿಯೋ ಕಷ್ಟಾನೇ ಇರಲ್ಲ."

"ರುಬ್ಬಿ ನುಣ್ಣಗೆ ಮಾಡೋದು ತಾನೆ? ಅದು ನನ್ನ ಕೆಲಸ. ನೀವಿಬ್ರೂ ಆಚೆ ಇರಿ."

"ರೀ, ನಿಮಗೆ ಒಲೆ ಹಚ್ಚೋಕೆ ಬರುತ್ತಾ ಮೊದಲು?" ಎಂದಳು ಹೆಂಡತಿ.

"ಸುಣ್ಣ ಬೇಯಿಸಿದವನು ಕಣೇ ನಾನು. ಕ್ಯಾರೆಟ್ ಏನು ದೊಡ್ಡ ವಿಷಯ!"

ಭಾನುವಾರ ಬೆಳಿಗ್ಗೆ ಕ್ಯಾರೆಟ್ಟನ್ನು ಬೆಣ್ಣೆಯಾಗುವಂತೆ ಬೇಯಿಸಿದ. ನೆನೆಸಿದ್ದ ಬಾದಾಮಿಯ ಸಿಪ್ಪೆ ಸುಲಿದ. ಎರಡನ್ನೂ ಮಿಕ್ಸಿಗೆ ಹಾಕಿ, ಅದು ಬಿಸಿಯೇರಿ ವಾಸನೆ ಬರುವವರೆಗೆ ತಿರುಗಿಸಿದ. ಅಷ್ಟಕ್ಕೂ ಸಮಾಧಾನವಿಲ್ಲ. ಬೆರಳಿಗೆ ಒಂದು ತರಿ ಸಿಕ್ಕಿತೆಂದು ಇಡೀ ಮುದ್ದೆಯನ್ನು ತೆಳು ಬಟ್ಟೆಗೆ ಹಾಕಿ ಹಿಂಡಿ ಸೋಸಿದ. ಬಟ್ಟೆಯಲ್ಲಿ ಉಳಿದ ಬೀಜದ ಹಿಪ್ಪೆಯನ್ನು ಕಸಕ್ಕೆ ಎಸೆದ. ಬಟ್ಟಲಿಗೆ ಸುರಿದು ಚಮಚದ ಬೆನ್ನಿನಿಂದ ಸವರಿದ ಮೇಲೆ, ಅದರಲ್ಲಿ ಕಿಟಕಿಯ ಬಿಂಬ ಕಾಣಿಸುತ್ತಿತ್ತು. ಅವನು ಕೈ ಕಟ್ಟಿ ನಿಂತು ಅದನ್ನು ಹೊಸ ಮನೆಯ ಗೋಡೆ ನೋಡುವ ಹಾಗೆ ನೋಡಿದ.

ಅಕ್ಕ ಸ್ಟೂಲಿನಲ್ಲೇ ತಿರುಗಿ, ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟಳು.

"ಯಾವ ಗೋಡೆಗೆ ಇದು?"

"ಅಕ್ಕ!"

"ಮತ್ತೆ? ಬಾಯಿಗಿಟ್ರೆ ಏನೋ ಸಿಗ್ಬೇಕು ಕಣೋ. ಇಲ್ಲಿ ಇಟ್ಟೆ, ಅಲ್ಲಿ ಜಾರಿಹೋಯ್ತು. ಬಾದಾಮಿ ಹಾಕಿದೀನಿ ಅಂತೀಯ, ಎಲ್ಲಿದೆ ಅದು? ಮುಖ ತೋರಿಸ್ಲೇ ಇಲ್ವಲ್ಲ." ಕೈ ಬಾಯಿಗೆ ಅಡ್ಡ ಹೋಯಿತು. "ಬಿಡು. ನಂಗೆ ಇನ್ನು ಇದೇ ಗತಿ ಅಂತ ಗೊತ್ತಿದೆ. ಕೂಸಿನ ಊಟ." ಬಟ್ಟಲನ್ನು ದೂಡಿ ಗೋಡೆಗೆ ಮುಖ ತಿರುಗಿಸಿದಳು.

ಗಾರೆಯವನಿಗೆ ರೇಗಿತು. ಬೆಳಗಿನಿಂದ ಬೆವರು ಹರಿಸಿದ್ದಕ್ಕೆ ಇದು ಬಹುಮಾನ! ಚಮಚವನ್ನು ಸಿಂಕಿಗೆ ಎಸೆದು, ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದವನು ಬೀದಿ ಸುತ್ತಿ, ಎರಡು ಚಹಾ ಕುಡಿದು ಹಿಂದಿರುಗಿದ. ಆದರೆ ಬಾಗಿದ ಆ ಬೆನ್ನು ಕಣ್ಣಿಗೆ ಕಟ್ಟಿದ್ದು ಹೋಗಲೇ ಇಲ್ಲ.

ಮರುದಿನ ಕೆಲಸ ಒಂದು ಶಾಲೆಯ ಗೋಡೆಯದು. ಹಿಂದೆ ಯಾವನೋ ಬಳಿದ ಗಾರೆ ಹಪ್ಪಳದ ಹಾಗೆ ಎದ್ದು ಬಂದಿತ್ತು. ಕಿತ್ತು ನೋಡಿದರೆ ಒಳಗಿನ ಪದರ ಕನ್ನಡಿಯಂತೆ ನುಣುಪು. "ಕತ್ತೆ ನನ್ಮಗ" ಎಂದು ಬೈದ. "ಒಳಗಿನ ಪದರ ಒರಟಾಗಿರ್ಬೇಕು, ಗೀರಬೇಕು, ತರಿ ಇರ್ಬೇಕು ಅಂತ ಗೊತ್ತಾಗಲ್ವಾ? ಹಿಡ್ಕೊಳ್ಳೋಕೆ ಏನೂ ಇಲ್ಲದಿದ್ರೆ ಮೇಲಿನದ್ದು ಹೇಗೆ ನಿಲ್ಲುತ್ತೆ?" ಬಾಯಿಂದ ಮಾತು ಬಿದ್ದ ಮೇಲೆ ಕೈ ನಿಂತಿತು. ಕರಣೆಯಿಂದ ಗಾರೆ ಕಾಲ ಮೇಲೆ ತೊಟ್ಟಿಕ್ಕಿದರೂ ಅವನಿಗೆ ಅರಿವಿರಲಿಲ್ಲ. ಅಕ್ಕನೂ ಹೇಳಿದ್ದು ಅದನ್ನೇ ಅಲ್ಲವೆ! ಏನೋ ಸಿಗ್ಬೇಕು ಅಂತ.

ಸಂಜೆ ಬರುವಾಗ ಮೂಲೆಯಂಗಡಿಯಲ್ಲಿ ಅಕ್ರೋಟು ಕಟ್ಟಿಸಿಕೊಂಡ. ಬಾದಾಮಿ ಕಲ್ಲು, ಅಕ್ರೋಟು ಹಾಗಲ್ಲ, ನಾಲಿಗೆಯಲ್ಲಿ ಅಂಗುಳಿಗೆ ಒತ್ತಿದರೆ ಒಡೆಯುತ್ತದೆ. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಉರಿಯ ಮೇಲೆ ಸುಟ್ಟು ಕಪ್ಪು ಸಿಪ್ಪೆ ಬಿಡಿಸಿದ. ಕ್ಯಾರೆಟ್ಟು, ಬೆಳ್ಳುಳ್ಳಿ ಮೆತ್ತಗೆ ಬೇಯಿಸಿದ. ಅಕ್ರೋಟನ್ನು ಹುರಿದು, ಅರ್ಧವನ್ನು ತರಕಾರಿಯ ಜೊತೆ ರುಬ್ಬಿದ. ಇನ್ನರ್ಧವನ್ನು ಬಟ್ಟೆಯಲ್ಲಿ ಸುತ್ತಿ ಬಾಟಲಿಯಿಂದ ಉರುಳಿಸಿ, ಜರಡಿ ಹಿಡಿದ. ಮೇಲೆ ಉಳಿದ ದಪ್ಪ ಚೂರು ಬೇಡ, ಪುಡಿಯೂ ಬೇಡ, ಗೋಡೆಯ ಒಳಪದರಕ್ಕೆ ಹಾಕುವ ಮರಳಿನಷ್ಟು ತರಿ ಬೇಕು. ಹಲ್ಲು ತಾಗದಂತೆ ತುಟಿಯೊಳಗೆ ತರಿ ಇಟ್ಟುಕೊಂಡು ನಾಲಿಗೆಯಲ್ಲಿ ಅರೆಯುತ್ತಾ ಅವನು ಮನೆಯೆಲ್ಲ ಓಡಾಡಿದ.

"ಇದೇನು ರೀ, ಎಮ್ಮೆ ಮೆಲುಕು ಹಾಕ್ದಂಗೆ!" ಎಂದು ಹೆಂಡತಿ ನಕ್ಕಳು.

"ಸುಮ್ನಿರೇ. ಲೆಕ್ಕ ಹಾಕ್ತಿದೀನಿ."

ತರಿಯನ್ನು ಕಲಸಿ, ನಿಂಬೆರಸ ಹಿಂಡಿ, ಚಿಟಿಕೆಗಿಂತ ಕಮ್ಮಿ ಉಪ್ಪು ಹಾಕಿದ. ಮಗಳು ರುಚಿ ನೋಡಿ "ಅಪ್ಪ, ಸೂಪರ್!" ಅಂದಳು. ಹೆಂಡತಿ ಎರಡನೇ ಸಲ ಬೆರಳು ಹಾಕಿದಳು. ಅವನ ಎದೆ ಉಬ್ಬಿತು. ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಟ್ಟಲು ಚಾಚಿದ.

"ಅಕ್ಕ, ಒಂದೇ ಒಂದು ಸಲ."

ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಏಳಲಿಲ್ಲ. ಬೈಯಲೂ ಇಲ್ಲ. ತಮ್ಮ ಬೈಯದೆ ಕೂತಿದ್ದು ಅಕ್ಕನಿಗೇ ವಿಚಿತ್ರವಾಗಿ, ಬ್ರೆಡ್ಡಿನ ಮೆತ್ತನೆಯ ತುಣುಕನ್ನು ಅದ್ದಿ ಬಾಯಿಗಿಟ್ಟಳು. ದವಡೆ ಆಡಿತು, ನಿಂತಿತು. ಮತ್ತೆ ಆಡಿತು. ಹುಬ್ಬು ಗಂಟಿಕ್ಕಿತು.

"ಈ ಅಕ್ರೋಟು ಎಲ್ಲಿ ತಂದೆ?"

"ಯಾಕೆ?"

"ಹಳೇ ಸರಕು. ಕಮಟು ಹಿಡಿದಿದೆ."

ಅವನ ಕಿವಿ ಕೆಂಪಾದವು. ಮುಗಿಯಿತು, ಇದೂ ಸಿಂಕಿಗೇ! "ಏನು ಕಮಟು? ಇವ್ರಿಬ್ರೂ ತಿಂದ್ರಲ್ಲ, ಚೆನ್ನಾಗಿದೆ ಅಂದ್ರಲ್ಲ!"

"ಇವ್ರಿಗೇನು ಗೊತ್ತು ಪಾಪ. ನಿನ್ನ ಮೂಗಿಗಂತೂ ಬರೀ ಸಿಮೆಂಟು. ಬೆಳ್ಳುಳ್ಳಿ, ನಿಂಬೆ ಹಾಕಿ ಮುಚ್ಚಿದ್ಯ, ಆದ್ರೂ ಕೊನೆಗೆ ಗಂಟಲ ಹತ್ರ ಬಂದು ನಿಲ್ಲುತ್ತೆ ನೋಡು. ತೇವದ ಜಾಗದಲ್ಲಿ ಇಟ್ಟಿದ್ದ ಮಾಲು ಇದು. ಚಿಪ್ಪು ಬಿಡಿಸಿ ಬಹಳ ದಿನ ಆಗಿದೆ, ಮೇಲಿಂದ—"

ಅವಳು ಅಲ್ಲಿಗೇ ನಿಲ್ಲಿಸಿದಳು. ತಾನೇನು ಹೇಳುತ್ತಿದ್ದೇನೆಂದು ಅವಳಿಗೇ ಆಗ ಕೇಳಿಸಿದಂತಿತ್ತು. ಇನ್ನೊಂದು ತುಣುಕು ಅದ್ದಿದಳು. ಒಸಡಿನ ನಡುವೆ ತರಿಯನ್ನು ನಿಧಾನವಾಗಿ ಒತ್ತಿದಳು. ಕಣ್ಣು ಮುಚ್ಚಿತು.

"ಹೂಂ, ಕಮಟೇ" ಎಂದಳು. ಈ ಸಲ ದನಿಯಲ್ಲಿ ದೂರಿರಲಿಲ್ಲ. ಕಳೆದುಹೋದ ಬೀಗದ ಕೈ ತನ್ನ ಜೇಬಿನಲ್ಲೇ ಸಿಕ್ಕವರ ದನಿ ಅದು. "ಹಲ್ಲಲ್ಲಿ ಇದೆ ಅಂದ್ಕೊಂಡಿದ್ದೆ ಕಣೋ ನಾನು. ಎಲ್ಲಾ ಆ ಹಲ್ಲಿನ ಜೊತೇನೇ ಹೋಯ್ತು ಅಂತ."

ಮನಸ್ಸು ಕರಗಿದ್ದನ್ನು ಮರೆಮಾಚಲು ಗಾರೆಯವನಿಗೆ ಗೊತ್ತಿದ್ದುದು ಒಂದೇ ದಾರಿ. ಎದ್ದು ನಿಂತು ಗುಡುಗಿದ. "ಹಳೇ ಮಾಲು ಕೊಟ್ನಾ ಅವನು? ಇರು, ಅವನ ಅಂಗಡಿಗೆ ಬೀಗ ಹಾಕಿಸ್ತೀನಿ!"

"ನೀನು ಹೋಗಿ ಏನು ಕಿತ್ತು ಗುಡ್ಡೆ ಹಾಕ್ತೀಯ? ಒಳ್ಳೇದು ಯಾವುದು ಅಂತ ನಿಂಗೆ ಗೊತ್ತಾ? ನನ್ನ ಚಪ್ಪಲಿ ಎಲ್ಲಿ?"

ಹೆಂಡತಿ ಮಗಳು ಮುಖ ಮುಖ ನೋಡಿಕೊಂಡರು. ಹಲ್ಲು ಕೀಳಿಸಿಕೊಂಡ ಮೇಲೆ ಅಕ್ಕ ಡಾಕ್ಟರಮ್ಮನಲ್ಲಿಗೆ ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲ.

ಅಂಗಡಿಯವನು ದೂರದಿಂದಲೇ ಕೂಗಿದ. "ಏನು ಕಟುಮಕ್ಕ, ಮರೆತೇಬಿಟ್ರಾ ನಮ್ಮನ್ನ?"

ಅಕ್ಕನ ಕೈ ಬಾಯಿಯತ್ತ ಎದ್ದಿತು. ಅರ್ಧದಲ್ಲಿ ನಿಂತು ಕೆಳಗಿಳಿಯಿತು. "ಹಲ್ಲು ಬಿದ್ದಿದೆಯಪ್ಪ, ನಾಲಿಗೆ ಬಿದ್ದಿಲ್ಲ" ಎಂದಳು. "ನನ್ನ ತಮ್ಮನಿಗೆ ಎಂಥದು ಕಟ್ಟಿದ್ದೀಯ ನೀನು? ಆ ಹಿಂದಿನ ಡಬ್ಬ ತೆಗಿ. ಅದಲ್ಲ, ಅದರ ಪಕ್ಕದ್ದು."

ಒಂದೊಂದು ಡಬ್ಬದಿಂದ ಒಂದೊಂದು ಬೀಜ ತೆಗೆದು, ಹೆಬ್ಬೆರಳಲ್ಲಿ ಮುರಿದು, ಮೂಸಿ, ನಾಲಿಗೆಗೆ ಒತ್ತಿಕೊಂಡಳು. ಬೇಡ. ಬೇಡ. ಮೂರನೆಯದಕ್ಕೆ ತಲೆದೂಗಿದಳು. ಅಂಗಡಿಯವನು ಕಿವಿ ಕೆರೆದುಕೊಂಡು "ಕಟುಂ ಸದ್ದು ಇಲ್ಲದಿದ್ರೂ ತೀರ್ಪು ಅದೇ" ಎಂದು ಪೊಟ್ಟಣ ಕಟ್ಟಿದ. ಜಗಳವಾಡಲೆಂದೇ ಬಂದಿದ್ದ ಗಾರೆಯವನು ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದ.

ಮನೆಗೆ ಬಂದ ಮೇಲೆ ಸ್ಟೂಲು ಸಿಂಕಿನಿಂದ ಒಲೆಯ ಬಳಿಗೆ ಬಂತು. ಅದರ ಮೇಲೆ ಕೂತ ಅಕ್ಕನದು ಹುಕುಂ, ತಮ್ಮನದು ದುಡಿಮೆ. "ಉರಿ ತಗ್ಗಿಸು. ಲೋ, ಕರಟಿಹೋಗುತ್ತೆ! ಈಗ ಇಳಿಸು. ಬೆಳ್ಳುಳ್ಳಿ ಅಷ್ಟು ಬೇಡ, ಒಳ್ಳೆ ಬೀಜಕ್ಕೆ ಮುಚ್ಚುಮರೆ ಯಾಕೆ?" ಅವನು ಗೊಣಗುತ್ತಾ ಹೇಳಿದಂತೆ ಮಾಡಿದ.

ಬಟ್ಟಲು ಮೇಜಿಗೆ ಬಂತು, ಅದರ ಹಿಂದೆಯೇ ಅಕ್ಕನೂ ಬಂದಳು. ಯಾರೂ ಕರೆಯಲಿಲ್ಲ. ಕರೆದರೆ ಎಲ್ಲಿ ಹಿಂದೆ ಸರಿಯುತ್ತಾಳೋ ಎಂದು ಹೆಂಡತಿ ಕುರ್ಚಿಯನ್ನಷ್ಟೇ ಕಾಲಿನಿಂದ ತಳ್ಳಿದಳು. ಬ್ರೆಡ್ಡು ಅದ್ದಿ ಬಾಯಿಗಿಟ್ಟಾಗ ಸೊರ್ ಎಂದು ಸದ್ದಾಯಿತು. ಎಲ್ಲರೂ ತಟ್ಟೆ ನೋಡುವ ಮೊದಲೇ ಮಗಳು ತನ್ನ ತುಣುಕನ್ನು ಅದಕ್ಕಿಂತ ಜೋರಾಗಿ ಸೊರ್ರೆಂದು ಎಳೆದಳು.

"ನಿಂಗೆ ಹಲ್ಲಿದೆಯಲ್ಲೇ, ಕೋತಿ!" ಎಂದು ಅಕ್ಕ ನಕ್ಕಳು. ಇಡೀ ಬಾಯಿ ತೆರೆದು, ಕೈ ಅಡ್ಡ ಇಡದೆ ನಕ್ಕಳು. ಮತ್ತೊಂದು ತುಣುಕು ಅದ್ದಿಕೊಂಡಳು. "ನಾಳೆ ಶೆಡ್ಡಿನ ಕಡೆ ಹೋಗಿ ಬರ್ತೀನಿ. ಎಂಥ ಮೂಟೆ ಒಳಗೆ ಬಿಟ್ಕೊಂಡಿದ್ದಾರೋ."

ಬಟ್ಟಲಿನಲ್ಲಿ ಎಲ್ಲರೂ ಅದ್ದಿ ಅದ್ದಿ ಹಳ್ಳ ದಿಣ್ಣೆಯಾಗಿತ್ತು. ಗಾರೆಯವನು ಕೈ ಸುಮ್ಮನಿರದೆ ಚಮಚ ತೆಗೆದುಕೊಂಡು ಅದರ ಬೆನ್ನಿನಿಂದ ಸವರಲು ಹೊರಟ. ಅಕ್ಕ ಅವನ ಕೈಗೊಂದು ಏಟು ಕೊಟ್ಟಳು.

"ಹಾಗೇ ಇರಲಿ ಬಿಡೋ, ಬೊಚ್ಚು ರಾಜ."

ಅವನು ಚಮಚ ಕೆಳಗಿಟ್ಟು, ಆ ಹಳ್ಳದಲ್ಲೇ ಬ್ರೆಡ್ಡು ಅದ್ದಿದ.